ಅಡಿಕೆಯ ತೆರಿಗೆ, ದಂಡಿನ ದೇವಾಲಯ

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಕಡೆಯವರಾದ ಓದುಗರಿಗೆ ಇಗರ್ಜಿ ಎಂಬ ಮಾತು ಹೊಸದಲ್ಲ. ಕರಾವಳಿಯಿಂದ ಘಟ್ಟ ಹತ್ತಿ ಬಂದ ಕೊಂಕಣಿ ಕ್ರಿಸ್ತುವರು ತಮ್ಮ ಪ್ರಾರ್ಥನಾ ಮಂದಿರವನ್ನೂ, ಅದರ ಹೆಸರನ್ನೂ ಜೊತೆಯಲ್ಲಿಯೇ ತಂದರು. ಯಲ್ಲಾಪುರ, ಹಳಿಯಾಳಗಳ ಕಾಡಂಚಿನ ಸಿದ್ದಿಯರಲ್ಲಿ ಹಿಂದೂಗಳುಂಟು, ಮುಸಲ್ಮಾನರುಂಟು, ಇಗರ್ಜಿಗೆ ಹೋಗುವವರೂ ಉಂಟು. ಇವರೆಲ್ಲ ರೋಮಿನ ಪೋಪರ ಮಾತಿಗೆ ನಡೆಯುವ ಕೆಥೋಲಿಕರು. ನಮ್ಮಲ್ಲಿ ಕ್ರಿಸ್ತುವರೆಂದರೆ ಹೆಚ್ಚಾಗಿ ಇವರೇ.

ಆದರೆ ನಮ್ಮನ್ನು ಸುಮಾರು ನೂರೈವತ್ತು ವರ್ಷ ಆಳಿದ ಇಂಗ್ಲಿಷರು ಕೆಥೋಲಿಕರಾಗಿರಲಿಲ್ಲವಷ್ಟೆ. ಅವರದು ಇಂಗ್ಲೆಂಡಿನ ರಾಜನೇ ಮೇಲಧಿಕಾರಿಯಾಗಿದ್ದ ಆಂಗ್ಲಿಕನ್ ಸಭೆ. ಆ ಸಭೆಯ ದೇವಾಲಯಗಳು ಎಲ್ಲಿ ಎದ್ದವು, ಯಾರಿಗಾಗಿ ಎದ್ದವು, ಅವುಗಳ ಪಾದ್ರಿಗಳಿಗೆ ಸಂಬಳ ಕೊಟ್ಟವರಾರು? ಕೊನೆಯ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದರೆ, ದಾರಿ ನಮ್ಮ ಅಡಿಕೆ ತೋಟಗಳೊಳಗೇ ಬರುತ್ತದೆ. ಇದು ಕೇಳುವುದಕ್ಕೆ ವಿಚಿತ್ರ. ಅದಕ್ಕಾಗಿಯೇ ಹೇಳಹೊರಟಿದ್ದೇನೆ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದಿತು, ಟೀಪೂ ಮಡಿದನು. ಹೈದರನು 1763ರ ಸುಮಾರಿಗೆ ಗೆದ್ದುಕೊಂಡಿದ್ದ ಸೋದೆಯ ಸೀಮೆಯೂ, ಅದರ ಕೆಳಗಿನ ಕನ್ನಡ ಜಿಲ್ಲೆಯೂ ಕಂಪನಿ ಸರಕಾರದ ಕೈಸೇರಿದವು. ಕಂದಾಯ ಗೊತ್ತುಪಡಿಸಲು ಬಂದ ಮೊದಲ ಕಲೆಕ್ಟರ ಥಾಮಸ್ ಮನ್ರೋ. ಆತನಿಗೆ ಈ ಮಳೆಯ ನಾಡು ಹಿಡಿಸಲಿಲ್ಲ. ಬೇರೆ ಕಡೆ ಕಳಿಸಿರೆಂದು ಕಾಗದದ ಮೇಲೆ ಕಾಗದ ಬರೆದು, ಒಂದು ವರ್ಷ ಚಿಲ್ಲರೆಯಲ್ಲಿ ಹೊರಟುಹೋದನು. ಕಂದಾಯ ಮಾತ್ರ ನಿಂತಿತು. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಕಂಪನಿಯ ಅಪ್ಪಣೆಯಂತೆ ಯಲ್ಲಾಪುರ, ಸೋದೆ, ಶಿರಸಿ, ಬನವಾಸಿಗಳ ಮೇಲೆ ಹಾದುಹೋದನು. ತೋಟಗಳನ್ನು ನೋಡಿದನು, ಅಡಿಕೆ ಮೆಣಸುಗಳ ಲೆಕ್ಕ ಕೇಳಿದನು, ಹಾಳುಬಿದ್ದ ಸೋದೆಯನ್ನು ಕಂಡನು. ಅದಕ್ಕೆ ಹಿಂದಿನ ವರ್ಷ ಅವನು ಬೆಂಗಳೂರನ್ನೂ ನೋಡಿದ್ದ. ಆಗ ಅಲ್ಲಿ ಇದ್ದುದು ಕೋಟೆ ಮತ್ತು ಪೇಟೆ. ದಂಡು ಇನ್ನೂ ಹುಟ್ಟಿರಲಿಲ್ಲ.

ನಮ್ಮ ಸೀಮೆ ಮದರಾಸು ಇಲಾಖೆಗೆ ಸೇರಿತು. ಹೀಗಾಗಿ ಇಲ್ಲಿ ವಸೂಲಾದ ಹಣ ಮದರಾಸಿನ ಬೊಕ್ಕಸಕ್ಕೆ ಜಮೆಯಾಗುತ್ತಿತ್ತು. 1813ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಕಂಪನಿಯ ಸನದನ್ನು ಹೊಸದು ಮಾಡಿಕೊಟ್ಟಾಗ ಒಂದು ಹೊಸ ವೆಚ್ಚವನ್ನೂ ಅದರಲ್ಲಿ ಸೇರಿಸಿತು. ಕಲಕತ್ತೆಗೆ ಒಬ್ಬ ಬಿಷಪ್ಪನು, ಅವನ ಕೈಕೆಳಗೆ ಮೂವರು ಆರ್ಚ್‌ಡೀಕನರು. ಬಿಷಪ್ಪನಿಗೆ ವರ್ಷಕ್ಕೆ 5000 ಪೌಂಡು, ಆರ್ಚ್‌ಡೀಕನರಿಗೆ ತಲಾ 2000 ಪೌಂಡು. ಹಣ ಬರಬೇಕಾದದ್ದು ಇಂಗ್ಲೆಂಡಿನಿಂದಲ್ಲ, ಹಿಂದೂಸ್ಥಾನದ ಉತ್ಪನ್ನದಿಂದ. ದಂಡಿನ ಪಾದ್ರಿಗಳು ಇದಕ್ಕೂ ಮೊದಲೇ ಕಂಪನಿಯ ಪಗಾರದ ನೌಕರರಾಗಿದ್ದರು. ಪಾದ್ರಿಗೆ ರಜೆ ಉಂಟು, ಬಡತಿ ಉಂಟು, ವರ್ಗ ಉಂಟು, ನಿವೃತ್ತಿ ವೇತನ ಉಂಟು; ಮಾಮಲೇದಾರನಿಗಿದ್ದಂತೆಯೇ.

ಸೋದೆಯ ಹವ್ಯಕನೊಬ್ಬ ತೆತ್ತ ಒಂದು ರೂಪಾಯಿ ನೆಟ್ಟಗೆ ಬೆಂಗಳೂರಿನ ಪಾದ್ರಿಸಾಹೇಬನ ಕೈಗೆ ಹೋಯಿತೆಂದು ಯಾರೂ ತೋರಿಸಿಕೊಡಲಾರರು. ಹಳ್ಳಗಳೆಲ್ಲ ಕೂಡಿದ ಹೊಳೆಯಲ್ಲಿ ಇದು ಯಾವ ಹಳ್ಳದ ನೀರು ಎಂದು ಕೇಳುವುದುಂಟೆ? ಆದರೆ ಬೊಕ್ಕಸ ಒಂದೇ ಆಗಿತ್ತು. ಬೆಂಗಳೂರಿನ ದಂಡಿನ ಪಾದ್ರಿಗಳು ಮದರಾಸು ಇಲಾಖೆಯ ಪಟ್ಟಿಯಲ್ಲಿದ್ದವರು. ನಮ್ಮ ಸೀಮೆ 1862ರವರೆಗೆ ಮದರಾಸಿಗೇ ತೆರಿಗೆ ಕೊಟ್ಟದ್ದು. ಇಷ್ಟು ಸಾಕು.

ಇನ್ನು, ತೆರಿಗೆ ಕೊಟ್ಟ ನಾಡಿನಲ್ಲಿಯೇ ಅಂಥ ದೇವಾಲಯ ಏಕೆ ಏಳಲಿಲ್ಲ? ಉತ್ತರ ಸುಲಭ. ಇಲ್ಲಿ ಗೋರಾ ಪಲ್ಟಣ ಇರಲಿಲ್ಲ. ಮಲೆಯ ಚಳಿಜ್ವರಕ್ಕೆ ಹೆದರಿ ಸಾಹೇಬರು ಘಟ್ಟದ ಮೇಲೆ ಬಂದರೂ ಡೇರೆ ಹೊಡೆದು, ದಫ್ತರ ನೋಡಿ, ಮಳೆಗಾಲದೊಳಗೆ ಇಳಿದುಹೋಗುತ್ತಿದ್ದರು. ಇತರ ಮಿಶನ್ನುಗಳವರು ಜನರಿದ್ದಲ್ಲಿಗೆ ಹೋದರು. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂದು ನೆಲೆ ನಿಂತರು. ನಮ್ಮ ಜಿಲ್ಲೆಯ ಹೊನ್ನಾವರದಲ್ಲಿಯೂ ಠಾಣ್ಯ ಮಾಡಿದರು. ಆಂಗ್ಲಿಕನ್ ಸಭೆ ಮಾತ್ರ ಕನ್ನಡ ನಾಡಿನಲ್ಲಿ ಕಹಳೆಯ ದನಿ ಕೇಳಿಬಂದಲ್ಲಿಗೇ ಹೋಯಿತು.

ಕಹಳೆ ಕೇಳಿಬಂದದ್ದು ಬೆಂಗಳೂರಿನಲ್ಲಿ. ಟೀಪೂ ಮಡಿದ ಮೇಲೆ ಇಂಗ್ಲಿಷ್ ಸೈನ್ಯ ಶ್ರೀರಂಗಪಟ್ಟಣದಲ್ಲಿಯೇ ಬೀಡುಬಿಟ್ಟಿತ್ತು. ಕಾವೇರಿಯ ನಡುಗಡ್ಡೆಯ ಜ್ವರ ಸಿಪಾಯಿಗಳನ್ನು ತಿಂದುಹಾಕತೊಡಗಿತು. ಆಗ ಎತ್ತರವಾದ, ತಂಪಾದ ಬೆಂಗಳೂರಿಗೆ 1809ರಲ್ಲಿ ದಂಡನ್ನು ಸಾಗಿಸಿದರು. ಜ್ವರವೇ ನಮ್ಮಲ್ಲಿಗೆ ಸಾಹೇಬರನ್ನು ಬರಗೊಡಲಿಲ್ಲ, ಜ್ವರವೇ ಅವರನ್ನು ಬೆಂಗಳೂರಿಗೆ ಅಟ್ಟಿತು. ದಂಡಿನ ನಡುವೆ ಪೂರ್ವ ಪಶ್ಚಿಮವಾಗಿ ಉದ್ದವಾದ ಕವಾಯತಿನ ಬಯಲು. ಅದರ ಪಶ್ಚಿಮದ ತುದಿಗೆ 1808ರಲ್ಲಿ ಕಟ್ಟಲು ಹಿಡಿದು 1812ರಲ್ಲಿ ಮುಗಿಸಿದ್ದು ಸಂತ ಮಾರ್ಕನ ದೇವಾಲಯ. ಅದನ್ನು ವಿಧಿಪೂರ್ವಕ ಪ್ರತಿಷ್ಠೆ ಮಾಡಲು ಬಿಷಪ್ಪನೇ ಬೇಕು; ಬಿಷಪ್ಪನು ಆಗ ಇಡೀ ಹಿಂದೂಸ್ಥಾನಕ್ಕೆ ಒಬ್ಬನೇ. ಕಲಕತ್ತೆಯಿಂದ ಅವನು ಬಂದು 1816ರಲ್ಲಿ ಆ ಕೆಲಸ ಮಾಡಿದನು. ನಾಲ್ಕು ವರ್ಷ ಕಾಯ್ದದ್ದಾಯಿತು. ಮದರಾಸಿಗೆ ಪ್ರತ್ಯೇಕ ಬಿಷಪ್ಪನು ಬಂದದ್ದು 1835ರಲ್ಲಿ.

ಬಯಲಿನ ಪೂರ್ವದ ತುದಿಯಲ್ಲಿ 1851ರಲ್ಲಿ ತ್ರಯೇಕತ್ವದ ದೇವಾಲಯ ಎದ್ದಿತು. ಈಗಿನ ಟ್ರಿನಿಟಿ ಸರ್ಕಲ್ಲಿಗೆ ಹೆಸರು ಬಂದದ್ದು ಅದರಿಂದಲೇ. ಎರಡರ ನಡುವಿನ ದಾರಿಯನ್ನು ಇಂದು ಮಹಾತ್ಮಾ ಗಾಂಧಿ ರಸ್ತೆ ಎನ್ನುತ್ತೇವೆ. ಆದಿತ್ಯವಾರ ಪಲ್ಟಣಗಳು ಸಾಲುಗಟ್ಟಿ, ವಾದ್ಯ ಬಾರಿಸುತ್ತ, ಆಜ್ಞೆಯ ಪ್ರಕಾರ ಪ್ರಾರ್ಥನೆಗೆ ನಡೆದು ಹೋಗುತ್ತಿದ್ದವು. ದೇವರ ಮುಂದೆ ಹೋಗುವುದೂ ಕವಾಯತಿನ ಒಂದು ಭಾಗವೇ ಆಗಿತ್ತು. 1857ರ ಮೇ 10ರಂದು, ಆದಿತ್ಯವಾರ ಸಂಜೆ, ಮೀರತದಲ್ಲಿ ದಂಗೆ ಎದ್ದ ಬಳಿಕ ಉತ್ತರದ ದಂಡುಗಳಲ್ಲಿ ಸೋಲ್ಜರರು ಬಂದೂಕು ಹಿಡಿದೇ ದೇವಾಲಯಕ್ಕೆ ಹೋಗುವುದು ರೂಢಿಯಾಯಿತು. ಬಂದೂಕು ಒರಗಿಸಿಡಲು ಬೆಂಚಿಗೆ ಕಚ್ಚು ಕೊರೆದದ್ದನ್ನು ಅಲ್ಲಿಯ ಹಲವು ಚರ್ಚುಗಳಲ್ಲಿ ನೋಡಬಹುದು.

ಇದು ದೊಡ್ಡ ದೇವಾಲಯಗಳ ಮಾತು. ನನಗೆ ಹೆಚ್ಚು ಪ್ರಿಯವಾದದ್ದು ಇವುಗಳ ಹಿಂದಿನಿಂದ, ದಂಡಿನ ಅಂಚಿನಲ್ಲಿ, ಸದ್ದಿಲ್ಲದೆ ಎದ್ದ ಸಣ್ಣ ದೇವಾಲಯದ ಕಥೆ. ಕಾರಣ, ಅದನ್ನು ಕಟ್ಟಿಸಿದ್ದು ದರ್ಪವಲ್ಲ, ಮುಪ್ಪು.

ಕಂಪನಿಯ ಗೋರಾ ಸಿಪಾಯಿ ಇಪ್ಪತ್ತು ಇಪ್ಪತ್ತೈದು ವರ್ಷ ದುಡಿದು ನಿವೃತ್ತನಾದರೆ ಎಲ್ಲಿಗೆ ಹೋಗಬೇಕು? ಅಧಿಕಾರಿಯಾದರೆ ಹಡಗು ಹತ್ತಿ ಊರಿಗೆ ಹೋದಾನು. ಸಾದಾ ಸೋಲ್ಜರನಿಗೆ ಅಲ್ಲಿ ಕಾದುಕೊಂಡು ಕೂತವರು ಯಾರೂ ಇರುತ್ತಿರಲಿಲ್ಲ. ಅನೇಕರು ಇಲ್ಲಿಯೇ ಮದುವೆಯಾಗಿದ್ದರು, ಮಕ್ಕಳು ಇಲ್ಲಿಯೇ ಹುಟ್ಟಿದ್ದರು. ಕೈಗೆ ಬರುವ ಸಣ್ಣ ಪಿಂಚಣಿಯಲ್ಲಿ ಇಂಗ್ಲೆಂಡಿನ ಚಳಿಗೆ ಇದ್ದಿಲು ಕೊಳ್ಳುವುದಕ್ಕಿಂತ ಬೆಂಗಳೂರಿನ ಹವೆಯಲ್ಲಿ ಒಂದು ಚಿಕ್ಕ ಬಂಗಲೆ, ಸುತ್ತ ನಾಲ್ಕು ಗಿಡ, ಎರಡು ಕೋಳಿ ಇಟ್ಟುಕೊಂಡಿರುವುದು ಲೇಸೆನಿಸಿತು. 1864ರಲ್ಲಿ ಮದರಾಸಿನ ಕಡೆಯಿಂದ ಜೋಲಾರಪೇಟೆಯ ಮೇಲೆ ದಂಡಿಗೆ ರೈಲು ಬಂದ ಮೇಲಂತೂ ಪಿಂಚಣಿದಾರರ ಊರೆಂದು ಬೆಂಗಳೂರಿಗೆ ಹೆಸರಾಯಿತು. ಕವಾಯತಿನ ಬಯಲಿನಿಂದ ಉತ್ತರಕ್ಕೂ ದಕ್ಷಿಣಕ್ಕೂ ಇವರ ಬಂಗಲೆಗಳು ಹಬ್ಬಿದವು. ಉತ್ತರದ ಕಡೆ, ಈಗ ಕ್ಲೀವ್‌ಲೆಂಡ್ ಟೌನ್ ಎನ್ನುವಲ್ಲಿ, ಸಂತ ಯೋಹಾನನ ಹೆಸರಿನ ದೇವಾಲಯ ಇಂಥವರಿಗಾಗಿಯೇ ಆಯಿತು. ದಕ್ಷಿಣದಲ್ಲಿ, ಶೂಲೆ ಎಂದು ಕರೆಯುತ್ತಿದ್ದ ಭಾಗಕ್ಕೆ ಹೊಂದಿ, ಮುಂದೆ ರಿಚ್ಮಂಡ್ ಟೌನ್ ಆದ ಕಡೆ, ದೇವಾಲಯವಿರಲಿಲ್ಲ.

ಅಲ್ಲಿಂದ ಸಂತ ಮಾರ್ಕನ ದೇವಾಲಯ ಬಹುದೂರವೇನೂ ಅಲ್ಲ. ನಮ್ಮ ಕಡೆಯವರು ಅಷ್ಟು ದೂರ ಹಾಲು ಕೊಡಲು ಹೋಗಿಬರುತ್ತಾರೆ. ಆದರೆ ಗಾಡಿ ಇಲ್ಲದ, ಹಳೆಯ ಗಾಯದ ಕಾಲಿನ ಮುದುಕನಿಗೆ, ಜಡ್ಡಿನ ವಿಧವೆಗೆ ಅದೂ ದೂರವೇ. ಇನ್ನೊಂದು ಅಡಚಣೆ ದೂರಕ್ಕಿಂತ ಹೆಚ್ಚಿನದೆಂದು ನನ್ನ ಎಣಿಕೆ. ದಂಡಿನ ದೊಡ್ಡ ದೇವಾಲಯದಲ್ಲಿ ಕೂಡುವುದಕ್ಕೂ ಮೇಲುಕೀಳಿನ ಸಾಲು ಇರುತ್ತಿತ್ತು. ಮುಂದೆ ಜನರಲ್ಲನು, ರೆಸಿಡೆಂಟನು. ಹಿಂದೆ ಹಿಂದೆ ಉಳಿದವರು. ಸವೆದ ಕೋಟಿನ ಪಿಂಚಣಿದಾರ, ಕಪ್ಪುಮೈಯ ಹೆಂಡತಿಯನ್ನು ಕರೆದುಕೊಂಡು ಎಲ್ಲಿ ಕೂಡಬೇಕು? ಪಂಕ್ತಿಭೇದವನ್ನು ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ದೊಡ್ಡ ದೇವಾಲಯದ ಅಂಗವಾಗಿ, ದೂರದವರ ಅನುಕೂಲಕ್ಕೆಂದು ಕಟ್ಟುವ ಸಣ್ಣ ಪ್ರಾರ್ಥನಾಲಯದ ಪದ್ಧತಿ ಇಂಗ್ಲೆಂಡಿನಲ್ಲಿ ಹಳೆಯದು. ಅದೇ ರೀತಿಯಲ್ಲಿ ಹೊಸೂರು ರಸ್ತೆಯ ಬದಿಗೆ ದೇವಾಲಯವೊಂದನ್ನು ಕಟ್ಟಿ, 1870ರಲ್ಲಿ ಪ್ರತಿಷ್ಠೆ ಮಾಡಿ, ಸಕಲ ಸಂತರ ಹೆಸರನ್ನಿಟ್ಟರು. ನವೆಂಬರ 1ರಂದು ಹೆಸರುಳ್ಳ, ಹೆಸರಿಲ್ಲದ ಎಲ್ಲ ಸಂತರನ್ನೂ ನೆನೆಯುವ ಹಬ್ಬವೊಂದುಂಟು. ಅದರ ಹೆಸರು ಇದು. ಹೆಸರಿಲ್ಲದ ಸೋಲ್ಜರರ ದೇವಾಲಯಕ್ಕೆ ಒಪ್ಪಿದ ಹೆಸರೆಂದು ನಾನು ತಿಳಿದಿದ್ದೇನೆ. ನಕ್ಷೆ ಮಾಡಿದವನು ರಾಬರ್ಟ್ ಚಿಸ್‌ಹೋಮ್. ಮುಂದೆ ಮದರಾಸು ವಿಶ್ವವಿದ್ಯಾಲಯದ ಸೆನೆಟ್ ಹೌಸು, ತಿರುವನಂತಪುರದ ವಸ್ತುಸಂಗ್ರಹಾಲಯ ಮುಂತಾದ ಭಾರಿ ಕಟ್ಟಡಗಳಿಂದ ಕೀರ್ತಿವಂತನಾದವನು ಅವನೇ. ಇಲ್ಲಿ ಅವನ ಕೈ ಸಂಯಮದಿಂದ ನಡೆದಿದೆ. ಕಂಬಗಳ ಆಡಂಬರವಿಲ್ಲ, ಗೋಪುರದ ಗರ್ವವಿಲ್ಲ. ಇಂಗ್ಲೆಂಡಿನ ಯಾವುದೋ ಹಳ್ಳಿಯ ದೇವಾಲಯವನ್ನು ಎತ್ತಿ ತಂದು ತೋಪಿನ ನಡುವೆ ಇಟ್ಟಂತಿದೆ. ಮೊದಲ ಸಲ ನೋಡಿದಾಗ, ಮರಗಳ ನೆರಳಿನಲ್ಲಿ ತಗ್ಗಾಗಿ ಕೂತ ಅದನ್ನು ಕಂಡು ನನಗೆ ನಮ್ಮ ಕಡೆಯ ತೋಟದ ಮನೆಯ ನೆನಪಾಯಿತು. ಹೊರಗೆ ಬಸ್ಸು ಲಾರಿಗಳ ಗದ್ದಲ. ಬಾಗಿಲು ದಾಟಿದರೆ ಒಣ ಎಲೆಯ ಸಪ್ಪಳ.

ಆ ಹೊತ್ತಿಗೆ ದಂಡಿನಲ್ಲಿ ಸ್ಯಾಮ್ಯುಯಲ್ ಥಾಮಸ್ ಪೆಟ್ಟಿಗ್ರೂ ಎಂಬ ಪಾದ್ರಿಯಿದ್ದನು. ಯುರೋಪಿಯನ್, ಮಿಶ್ರ ಸಂತಾನದ ಮಕ್ಕಳು ಓದಿಲ್ಲದೆ ಬೀದಿಪಾಲಾಗುತ್ತಿದ್ದಾರೆಂದು ಕಲಕತ್ತೆಯ ಬಿಷಪ್ಪ ಕಾಟನ್ನನು ಎತ್ತಿದ ಕೂಗಿಗೆ ಓಗೊಟ್ಟು ಅವನು 1865ರಲ್ಲಿ ಒಂದು ಶಾಲೆ ತೆಗೆದನು. ಮರುವರ್ಷ ಕಾಟನ್ನನು ಬಂಗಾಲದ ನದಿಯೊಂದರಲ್ಲಿ ಕಾಲು ಜಾರಿ ಬಿದ್ದು ಮುಳುಗಿ ತೀರಿದನು. ಹೆಸರು ಬೆಂಗಳೂರಿನ ಶಾಲೆಯಲ್ಲಿ ಉಳಿಯಿತು. ಪೆಟ್ಟಿಗ್ರೂ ನಿವೃತ್ತನಾದ ಮೇಲೆ 1882ರಲ್ಲಿ ತನ್ನ ಪಾದ್ರಿಗಿರಿಯ ನೆನಪುಗಳನ್ನು ಅಚ್ಚು ಹಾಕಿಸಿದನು. ದೇವಾಲಯ, ಶಾಲೆ, ಪಿಂಚಣಿ ಮೂರೂ ಒಂದೇ ಜನದ ಸುತ್ತ ಬೆಳೆದವು: ಇಂಗ್ಲಿಷರು ತಮ್ಮವರೆಂದು ಪೂರಾ ಒಪ್ಪದ, ನಾವು ನಮ್ಮವರೆಂದು ಎಂದೂ ಕೇಳದ ಜನ.

ಇಲ್ಲೊಂದು ದೂರನ್ನು ಹೇಳದೆ ಮುಂದೆ ಹೋಗಲಾರೆ. ಕನ್ನಡ ನೆಲದ ಮೇಲೆ ನಿಂತ ಈ ದೇವಾಲಯಗಳಲ್ಲಿ ಕನ್ನಡಕ್ಕೆ ಜಾಗವಿರಲಿಲ್ಲ. ಇಂಗ್ಲಿಷು ಪಲ್ಟಣದ ಭಾಷೆ; ಪಲ್ಟಣದ ಬೆನ್ನಿಗೆ ಮದರಾಸಿನಿಂದ ಬಂದ ಆಳುಕಾಳು, ವ್ಯಾಪಾರಿಗಳಿಗಾಗಿ ಬೇರೆ ತಮಿಳು ಪ್ರಾರ್ಥನೆ. ಕನ್ನಡಕ್ಕೆ ದುಡಿದವರು ಬೇರೆ ಮಿಶನ್ನಿನವರು. ಬಳ್ಳಾರಿಯಲ್ಲಿ ಕೂತು ಬೈಬಲನ್ನು ಕನ್ನಡಿಸಿದ ಜಾನ್ ಹ್ಯಾಂಡ್ಸನು ಲಂಡನ್ ಮಿಶನ್ನಿನವನು. 1843ರಲ್ಲಿ ಮಂಗಳೂರ ಸಮಾಚಾರವನ್ನು ಹೊರಡಿಸಿದ ಮೋಗ್ಲಿಂಗನೂ, 1894ರಲ್ಲಿ ನಿಘಂಟನ್ನು ಕೊಟ್ಟ ಕಿಟ್ಟೆಲನೂ ಬಾಸೆಲಿನವರು. ಬೆಂಗಳೂರಿನಲ್ಲಿಯೇ ಕನ್ನಡ ಪ್ರಾರ್ಥನೆಗೆ ಹೆಸರಾದ, 1904ರಲ್ಲಿ ಕಟ್ಟಿದ ಹಡ್ಸನ್ ದೇವಾಲಯ ವೆಸ್ಲಿಯನ್ನರದು. ಸರಕಾರದ ಸಂಬಳವಿಲ್ಲದವರು ಜನರ ನುಡಿ ಕಲಿತರು. ಸಂಬಳವಿದ್ದವರಿಗೆ ಕಲಿಯುವ ಜರೂರಿ ಬೀಳಲಿಲ್ಲ. ಇದು ಒಂದೊಂದು ಪಾದ್ರಿಯ ಮೇಲಿನ ಆರೋಪವಲ್ಲ. ಅವನನ್ನು ಕಳಿಸಿದ್ದೇ ಪಲ್ಟಣಕ್ಕೆ.

ಈ ನಡುವೆ ನಮ್ಮ ಸೀಮೆಯ ನಂಟು ಕಡಿದುಹೋಗಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಬಿಡಿಸಿ ಮುಂಬಯಿಗೆ ಸೇರಿಸಿದರು. ಅಂದಿನಿಂದ ನಮ್ಮ ಅಡಿಕೆಯ ತೆರಿಗೆ ಮುಂಬಯಿಯ ಬೊಕ್ಕಸಕ್ಕೆ. ಅಲ್ಲಿಯೂ ಬಿಷಪ್ಪನಿದ್ದ, ಪಾದ್ರಿಗಳಿದ್ದರು, ಅವರ ಸಂಬಳದ ಬಾಬತ್ತೂ ಇತ್ತು. ರೈತನಿಗೆ ಬದಲಾದದ್ದು ರಸೀದಿಯ ಮೇಲಿನ ಮೊಹರು ಅಷ್ಟೆ. 1881ರಲ್ಲಿ ಮೈಸೂರು ರಾಜ್ಯವನ್ನು ಒಡೆಯರಿಗೆ ಮರಳಿ ಕೊಟ್ಟರೂ ಬೆಂಗಳೂರಿನ ದಂಡನ್ನು ಮಾತ್ರ ಇಂಗ್ಲಿಷರು ಕೈಬಿಡಲಿಲ್ಲ.

ದೇವಾಲಯಕ್ಕೂ ದೊರೆತನಕ್ಕೂ ಇದ್ದ ಗಂಟು ಬಿಚ್ಚಲು ಹತ್ತಿದ್ದು ಸಭೆಯವರ ಒತ್ತಾಯದಿಂದಲೇ. ಹಿಂದೂಸ್ಥಾನದ ಕ್ರೈಸ್ತರು, ನಮ್ಮ ಬಿಷಪ್ಪನನ್ನು ಲಂಡನ್ನಿನ ಮಂತ್ರಿ ಏಕೆ ಆರಿಸಬೇಕೆಂದು ಕೇಳತೊಡಗಿದ್ದರು. 1912ರಲ್ಲಿ ತೆಲುಗು ನಾಡಿನ ದೋರ್ಣಕಲ್ಲಿಗೆ ಅಜರಯ್ಯನವರು ಬಿಷಪ್ಪರಾದರು. ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್ಪರು ಅವರೇ. 1927ರಲ್ಲಿ ಪಾರ್ಲಿಮೆಂಟಿನಲ್ಲಿ ಕಾಯಿದೆಯಾಗಿ, 1930ರ ಮಾರ್ಚ 1ರಿಂದ ಇಲ್ಲಿಯ ಸಭೆ ಇಂಗ್ಲೆಂಡಿನ ಸಭೆಯಿಂದ ಬೇರೆಯಾಯಿತು. ಇದು ನಡೆದ ಎರಡೇ ವರ್ಷದೊಳಗೆ, 1932ರಲ್ಲಿ, ಸಿದ್ದಾಪುರ ಅಂಕೋಲೆಗಳ ರೈತರು ಕರ ಕೊಡುವುದಿಲ್ಲವೆಂದು ನಿಂತರು. ಮನೆಮಾರು ಜಪ್ತಿಯಾದರೂ ಜಗ್ಗಲಿಲ್ಲ. ಅವರ ಮನಸ್ಸಿನಲ್ಲಿ ಪಾದ್ರಿಯ ಪಗಾರವಿರಲಿಲ್ಲ, ಸ್ವರಾಜ್ಯವಿತ್ತು. ಆದರೂ ಎರಡು ಸಂಗತಿಗಳನ್ನು ಬದಿಬದಿಗಿಟ್ಟು ನೋಡಿದಾಗ, ಒಂದೇ ಮನೆಯ ತೊಲೆಗಳು ಎರಡು ಕಡೆ ಸಡಿಲಿದಂತೆ ನನಗೆ ಕಾಣುತ್ತದೆ.

1947 ಬಂದಿತು. ಪಲ್ಟಣಗಳು ಹೋದವು, ದಂಡು ಮೈಸೂರಿಗೆ ಮರಳಿ ಸೇರಿತು. ಆ ವರ್ಷ ಸೆಪ್ಟೆಂಬರ 27ರಂದು ಮದರಾಸಿನ ಸಂತ ಜಾರ್ಜನ ದೇವಾಲಯದಲ್ಲಿ ಆಂಗ್ಲಿಕನ್ನರು, ಮೆಥಡಿಸ್ಟರು, ಮತ್ತು ಮೊದಲೇ ಒಂದಾಗಿದ್ದ ಪ್ರೆಸ್ಬಿಟೇರಿಯನ್ ಮೊದಲಾದವರು ಕೂಡಿ ದಕ್ಷಿಣ ಭಾರತ ಸಭೆಯಾದರು. ಬಿಷಪ್ಪರ ಪರಂಪರೆಯನ್ನು ಪ್ರಾಣದಂತೆ ಹಿಡಿದಿದ್ದವರೂ, ಬಿಷಪ್ಪರೇ ಬೇಡವೆಂದಿದ್ದವರೂ ಒಂದು ಚಾವಡಿಯಲ್ಲಿ ಕೂತದ್ದು ಲೋಕದಲ್ಲಿಯೇ ಹೊಸದು. ಮೈಸೂರು ಪ್ರಾಂತಕ್ಕೆ ಮೊದಲ ಬಿಷಪ್ಪರಾದವರು ಗುರುಶಾಂತರು: ಕನ್ನಡಿಗರು, ವೆಸ್ಲಿಯನ್ ಮಿಶನ್ನಿನಲ್ಲಿ ದುಡಿದು ಬಂದವರು. ಕಂಪನಿಯ ಕರ್ನಲ್ಲರಿಗಾಗಿ ಕಟ್ಟಿದ ಸಂತ ಮಾರ್ಕನ ದೇವಾಲಯ, 1923ರಲ್ಲಿ ಬೆಂಕಿಗೆ ತುತ್ತಾಗಿ 1927ರಲ್ಲಿ ಮತ್ತೆ ಎದ್ದಿದ್ದ ಆ ದೇವಾಲಯ, ಹೊಸ ಸಭೆಯ ಕೆಥೀಡ್ರಲ್ಲಾಯಿತು. ನೂರಮೂವತ್ತು ವರ್ಷ ಕನ್ನಡದ ಕಡೆ ಬೆನ್ನು ಹಾಕಿ ಕೂತ ದೇವಾಲಯಗಳು, ಕನ್ನಡದಲ್ಲಿ ಹುಟ್ಟಿದ ದೇವಾಲಯಗಳ ಸೋದರರಾದದ್ದು ಹೀಗೆ. 1968ರಲ್ಲಿ ಧಾರವಾಡ ಹುಬ್ಬಳ್ಳಿ ಕಡೆಯ ಬಾಸೆಲ್ ಮಿಶನ್ನಿನ ಸಭೆಗಳೂ ಕೂಡಿಕೊಂಡವು. 1970ರಲ್ಲಿ ಮೈಸೂರು ಪ್ರಾಂತವನ್ನು ಮೂರು ಮಾಡಿದಾಗ ಉತ್ತರದ ಪ್ರಾಂತದ ಪೀಠ ಧಾರವಾಡಕ್ಕೆ ಬಂದಿತು. ನಮ್ಮ ಶಿರಸಿ ಯಲ್ಲಾಪುರಗಳು ಸೇರುವುದು ಅದಕ್ಕೆ. ತೆರಿಗೆಯಿಂದ ಹತ್ತಿದ್ದ ನಂಟು, ತೆರಿಗೆ ಹೋದ ಮೇಲೆ, ಬೇರೆ ಬಾಗಿಲಿನಿಂದ ಹೀಗೆ ತಿರುಗಿ ಬಂದಿತು.

ಸಕಲ ಸಂತರ ದೇವಾಲಯದ ಪಿಂಚಣಿದಾರರು ಏನಾದರು? ಮುದುಕರು ಮಣ್ಣಾದರು. ಅವರ ಮೊಮ್ಮಕ್ಕಳಲ್ಲಿ ಅನೇಕರು 1947ರ ತರುವಾಯ ಇಂಗ್ಲೆಂಡಿಗೆ, ಆಸ್ಟ್ರೇಲಿಯಕ್ಕೆ ಹೊರಟುಹೋದರು; ಅಜ್ಜ ಹೋಗಲಾರದ ಊರಿಗೆ ಮೊಮ್ಮಗ ಹೋದ. ಬಂಗಲೆಗಳು ಒಂದೊಂದಾಗಿ ಬಿದ್ದು ಮಾಳಿಗೆಗಳೆದ್ದವು. ದೇವಾಲಯದ ಬೆಂಚುಗಳ ಮೇಲೆ ಬೇರೆ ಜನ ಬಂದು ಕೂತರು. ಅವರು ಇದನ್ನು ಪರರದೆಂದು ತಿಳಿಯಲಿಲ್ಲ. ಅದು ಗೊತ್ತಾದದ್ದು 2019ರ ಹೊತ್ತಿಗೆ. ನೆಲದಡಿಯಿಂದ ಹಾಯುವ ಮೆಟ್ರೋ ರೈಲಿನ ನಿಲ್ದಾಣಕ್ಕೆ ದೇವಾಲಯದ ಹಿತ್ತಲಿನ ಒಂದು ಭಾಗ ಬೇಕೆಂದೂ, ಹಳೆಯ ಮರಗಳು ಹೋಗುವುವೆಂದೂ ಮಾತು ಬಂದಾಗ, ಸಭೆಯವರೂ, ಆ ಸಭೆಗೆ ಯಾವ ಸಂಬಂಧವೂ ಇಲ್ಲದ ಬೆಂಗಳೂರಿಗರೂ ಕೂಡಿ ಎದುರು ನಿಂತರು. ಯೋಜನೆಗೆ ಸಾಲ ಕೊಟ್ಟಿದ್ದ ಯುರೋಪಿನ ಬ್ಯಾಂಕಿನವರೆಗೂ ದೂರು ಮುಟ್ಟಿಸಿದರು. ರೈಲು ಬೇಡವೆಂದಲ್ಲ ಅವರ ಮಾತು, ಮರ ಉಳಿಯಲಿ ಎಂದು. ಒಬ್ಬ ಸೋಲ್ಜರನ ಹೆಸರೂ ಆ ಗದ್ದಲದಲ್ಲಿ ಕೇಳಿಬರಲಿಲ್ಲ.

ತಾವು ಬೆಂಗಳೂರಿಗೆ ಹೋದಾಗ, ಹೊಸೂರು ರಸ್ತೆಯಲ್ಲಿ ಒಂದು ಗಳಿಗೆ ಇಳಿದು ಆ ಅಂಗಳವನ್ನು ನೋಡಿ ಬನ್ನಿರಿ. ಹೋಗುವುದಾದರೆ ಬೆಳಿಗ್ಗೆಯೇ ಹೋಗಬೇಕು. ಹೊತ್ತೇರಿದಂತೆ ಆ ರಸ್ತೆ ದಾಟುವುದು ಕಷ್ಟ.